ಸಭೆಗೆ ತಡವಾಗಿ ಬಂದವರು

ಕಡಲಂಚಿನ ಊರೊಂದರ ಹಿನ್ನೀರಿಗೆ ಯೋಜನೆ ಮಾಡಲು ಒಬ್ಬ ಸಾಹೇಬರು ಬಂದರು. ಅವರ ನಕ್ಷೆಯಲ್ಲಿ ದಂಡೆಯ ಕೆಸರುನೆಲಕ್ಕೆ 'ಪಾಳು' ಎಂದು ಬರೆದಿತ್ತು. ಅದಕ್ಕೆ ಮಣ್ಣು ತುಂಬಿ ಉದ್ಯಾನ ಮಾಡುವುದಂತೆ. ಊರಿನವರೆಲ್ಲ ಸೇರಿ ಒಪ್ಪಿಗೆಯ ಹೆಬ್ಬೆಟ್ಟು ಒತ್ತಬೇಕಂತೆ.

ಬೀರಮ್ಮ ಆ ಕೆಸರಿನಲ್ಲೇ ಚಿಪ್ಪಿ ಹೆಕ್ಕಿ ಬದುಕಿದವಳು. "ಒತ್ತೋಣ ಒಡೆಯಾ. ಸಭೆ ಮಾತ್ರ ಆ ಪಾಳಿನಲ್ಲೇ ಆಗಲಿ. ಅಮಾಸೆ ದಿನ, ಬೆಳಿಗ್ಗೆ ಹತ್ತಕ್ಕೆ" ಎಂದಳು.

ಅಮಾಸೆ ಬಂತು. ಒಣಗಿದ ಕೆಸರಿನ ಮೇಲೆ ಮೇಜು ಕುರ್ಚಿ ಹಾಕಿದರು.

"ಎಲ್ಲರೂ ಬಂದಾಯಿತಲ್ಲ? ಬೇಗ ಬೇಗ ಒತ್ತಿ!" ಎಂದರು ಸಾಹೇಬರು.

"ಇನ್ನೂ ಕೆಲವರು ಬರಬೇಕು" ಎಂದ ಬೀರಮ್ಮ, ಮೇಜಿನ ಕಾಲಿಗೆ ಮೊಣಕಾಲೆತ್ತರದಲ್ಲಿ ಒಂದು ಬಾಳೆನಾರು ಕಟ್ಟಿದಳು.

ಸಾಹೇಬರ ಬೂಟಿನ ಸುತ್ತ ನೀರು ಜಿನುಗಿತು. ಆಮೇಲೆ ಸದ್ದಿಲ್ಲದೆ ಏರಿತು. ಅವರು ಕುರ್ಚಿ ಹತ್ತಿ ನಿಂತರು. ಊರಿನವರು ಯಾರೂ ಕದಲಲಿಲ್ಲ. ನೀರು ಸರಿಯಾಗಿ ಬಾಳೆನಾರನ್ನು ಮುಟ್ಟಿ ನಿಂತಿತು. ಒಂದು ಬೆರಳೂ ಹೆಚ್ಚಿಲ್ಲ.

"ನಿನಗೆ ಹೇಗಮ್ಮ ಗೊತ್ತಾಯಿತು? ನಾನು ಅಳೆದಾಗ ಇಲ್ಲಿ ಹನಿ ನೀರಿರಲಿಲ್ಲ!"

"ನೀವು ಅಳೆದದ್ದು ಅಷ್ಟಮಿ ದಿನ ಒಡೆಯಾ. ಅಷ್ಟಮಿಯ ಉಬ್ಬರ ಇಷ್ಟು ಮೇಲೆ ಹತ್ತುವುದಿಲ್ಲ, ಅಮಾಸೆಯದು ಹತ್ತುತ್ತದೆ."

ಸಾಹೇಬರು ಕೆಳಗೆ ನೋಡಿದರು. ಕಡಲಿನಿಂದ ಬಂದ ಮೀನಿನ ಮರಿಗಳು, ಸಾವಿರ ಸಾವಿರ, ಮೇಜಿನ ಕಾಲುಗಳ ನಡುವೆ ಮಿನುಗುತ್ತ ಮೇಯುತ್ತಿದ್ದವು. ನಕ್ಷೆ ಬಿಚ್ಚಿ 'ಪಾಳು' ಎಂಬುದರ ಮೇಲೆ ತಾವೇ ಗೀಟು ಎಳೆದರು. ಬೂಟು ಕಳಚಿ, ಒಂದು ಮರಿಯನ್ನೂ ತುಳಿಯದ ಹಾಗೆ, ಮೆಲ್ಲಗೆ ನೀರಿಗಿಳಿದರು.

"ಈಗ ಎಲ್ಲರೂ ಬಂದರು" ಎಂದಳು ಬೀರಮ್ಮ. "ಸಭೆ ಶುರು ಮಾಡಿ ಒಡೆಯಾ."