ಹಾಲ್ಮರಡಿಯ ಕುಚ್ಚಿಲ್ಲದ ಕಂಬಳಿಗಳು

ಈ ಮರಡಿಗೆ ಇನ್ನೂ ಹೆಸರಿಲ್ಲದಿದ್ದ ಕಾಲದಲ್ಲಿ, ಇದರ ಬುಡದ ಹಟ್ಟಿಯಲ್ಲಿ ಬೀರಗೊಂಡನೆಂಬ ಕುರಿಗಾಹಿಯೂ ಅವನ ಮಡದಿ ಸೋಮವ್ವೆಯೂ ವಾಸವಾಗಿದ್ದರು. ಮದುವೆಯಾಗಿ ಬಹುಕಾಲ ಸಂದರೂ ಅವರಿಗೆ ಸಂತಾನವಾಗಲಿಲ್ಲ. ಪ್ರತಿ ವರ್ಷ ಮರಿಗಳ ಮೊದಲ ಉಣ್ಣೆಯನ್ನು ಸೋಮವ್ವೆ ನೂಲುತ್ತಿದ್ದಳು. ಬೀರಗೊಂಡ ಅದನ್ನು ಎಳೆಗೂಸಿಗೆ ಸಾಲುವಷ್ಟು ಕಂಬಳಿಯಾಗಿ ನೇಯುತ್ತಿದ್ದ. ಅಂಚಿಗೆ ಅವಳು ಕುಚ್ಚು ಕಟ್ಟುತ್ತಿದ್ದಳು. ಪ್ರತಿ ವರ್ಷವೂ ಆ ಕಂಬಳಿ ಬೇರೊಬ್ಬರ ತೊಟ್ಟಿಲಿಗೆ ಹೋಗುತ್ತಿತ್ತು.

"ಸೋಮವ್ವನ ಕೈಗುಣ ಚಲೋ. ತನ್ನ ಮನಿ ಬಿಟ್ಟು ಎಲ್ಲಾ ಮನ್ಯಾಗೂ ತೊಟ್ಟಿಲು ತೂಗತಾವ," ಎಂದು ಓರಗಿತ್ತಿ ನಕ್ಕ ವರ್ಷ, ಅವಳು ಕುಚ್ಚು ಕಟ್ಟದೆ ಕಂಬಳಿಯನ್ನು ಕೆಳಗಿಟ್ಟಳು.

"ಅಂಚು ಬಿಚ್ಚಿಕೊಳ್ತೈತಿ," ಎಂದ ಬೀರಗೊಂಡ.

"ಬಿಚ್ಚಲಿ ಬಿಡ್ರಿ. ಯಾರಿಗಂತ ಕಟ್ಟಲಿ?"

ಅದೇ ದಿನಗಳಲ್ಲಿ ಹಿಂಡಿನ ಒಂದು ಕುರಿ ತನ್ನ ಮರಿಯನ್ನು ಕಳೆದುಕೊಂಡಿತು. ಬೇರೊಂದು ಮರಿ ತಾಯಿಯನ್ನು ಕಳೆದುಕೊಂಡಿತು. ಸತ್ತ ಮರಿಯ ತೊಗಲನ್ನು ತಬ್ಬಲಿಗೆ ಹೊದಿಸಿದರೆ, ವಾಸನೆ ಹಿಡಿದು ತಾಯಿಕುರಿ ಅದಕ್ಕೆ ಹಾಲೂಡಿಸುವುದು ಕುರುಬರು ಬಲ್ಲ ಉಪಾಯ. ಆದರೆ ತೊಗಲಿನ ರಕ್ತವನ್ನು ನೋಡಲಾರದೆ ಸೋಮವ್ವೆ ಅದನ್ನು ಹಳ್ಳದಲ್ಲಿ ತೊಳೆದು ತಂದಳು. ವಾಸನೆ ನೀರಿನೊಡನೆ ಹೋಯಿತು. ಕುರಿ ತಬ್ಬಲಿಯನ್ನು ಒದ್ದು, ಮರಡಿಯೇರಿ, ತುದಿಯ ಬಂಡೆಯ ಮೇಲೆ ನಿಂತು ಕೂಗತೊಡಗಿತು.

ಸೋಮವ್ವೆ ಮರಿಯನ್ನು ಆ ಕುಚ್ಚಿಲ್ಲದ ಕಂಬಳಿಯಲ್ಲಿ ಸುತ್ತಿಕೊಂಡು ಹಿಂದೆಯೇ ಹತ್ತಿದಳು. ಕುರಿಯ ಹಾಲನ್ನೇ ಹಿಂಡಿ ಮರಿಯ ಮೈಗೆಲ್ಲ ಸವರಿದಳು. ಕುರಿ ಮತ್ತೆ ಒದ್ದಿತು.

"ಕಾಲಬುಡಕ್ಕ ಬಂದೈತಿ, ಒಲ್ಲೆ ಅಂತೀಯೇನ? ನನಗ್ಯಾರೂ ತಂದು ಕೊಡಲಿಲ್ಲವ್ವ," ಎಂದು ಅದರ ಕೊರಳು ತಬ್ಬಿ ಅತ್ತಳು.

ಕುರಿ ಸುಮ್ಮನಾಯಿತು. ತಬ್ಬಲಿಯನ್ನು ಮೂಸಿತು, ನೆಕ್ಕಿತು, ಹಾಲೂಡಿಸಿತು. ಚೆಲ್ಲಿದ ಹಾಲು ಬಂಡೆಯ ಮೇಲೆ ಹರಿದು ಬಿರುಕಿಗಿಳಿಯಿತು. ಆ ಬಿರುಕಿನಿಂದ ನೀರು ಜಿನುಗಿ, ದೇವಿಯ ವಾಣಿ ಕೇಳಿಸಿತು: "ಮಗಳೇ, ಅಂಚು ಹಾಗೆಯೇ ಇರಲಿ. ನೀನು ಕುಚ್ಚು ಕಟ್ಟುವ ದಿನಕ್ಕಾಗಿ ನಾನೂ ಕಾದಿದ್ದೇನೆ."

ಸೋಮವ್ವೆ ಕಂಬಳಿಯನ್ನು ಬಂಡೆಗೆ ಹೊದಿಸಿ ಮರಳಿದಳು. ಎಷ್ಟು ಕಾಲ ಕಾದಳೆಂಬುದನ್ನು ಹಿರಿಯರು ಹೇಳುವುದಿಲ್ಲ. ಒಂದು ಬೆಳಗ್ಗೆ ತನ್ನ ಹಸುಗೂಸನ್ನು ಎತ್ತಿಕೊಂಡು ಬಂದು, ಬಂಡೆಯ ಮೇಲೆ ಕುಳಿತು, ಕುಚ್ಚು ಕಟ್ಟಿದಳು.

ಬಂಡೆಯ ಮೇಲೆ ಹಾಲು ಹರಿದ ಬಿಳಿಯ ಗೆರೆಯೂ ಅದರ ಕೆಳಗಿನ ಒರತೆಯೂ ಇಂದಿಗೂ ಇವೆ. ಮರಡಿಗೆ ಹಾಲ್ಮರಡಿಯೆಂಬ ಹೆಸರು ಬಂದದ್ದು ಅದರಿಂದಲೇ. ಸಂತಾನ ಬಯಸಿ ಬರುವವರು ಬಂಡೆಯ ಬಳಿ ಕಟ್ಟಿದ ಗುಡಿಯಲ್ಲಿ ಕುಚ್ಚಿಲ್ಲದ ಕಂಬಳಿಯನ್ನು ದೇವಿತಾಯಿಗೆ ಹೊದಿಸುತ್ತಾರೆ; ಮಡಿಲು ತುಂಬಿದವರು ಬಂದು, ಕುಚ್ಚು ಕಟ್ಟಿ, ಮಗುವಿಗೆ ಹೊದಿಸಿ ಒಯ್ಯುತ್ತಾರೆ. ಯಾರೂ ಮರಳಿ ಬಾರದ ಕಂಬಳಿಗಳೂ ಗುಡಿಯಲ್ಲಿವೆ. ನುಸಿ ಹಿಡಿಯದಂತೆ ಪೂಜಾರಿಯ ಮನೆಯವರು ಪ್ರತಿ ಬೇಸಗೆಯಲ್ಲಿ ಅವನ್ನು ಬಿಸಿಲಿಗೆ ಹಾಕಿ, ಕೊಡವಿ, ಮತ್ತೆ ಅಲ್ಲಿಯೇ ಇಡುತ್ತಾರೆ. ಯಾವುದನ್ನೂ ಹಳೆಯದೆಂದು ತೆಗೆದಿಲ್ಲ.