ಹನ್ನೆರಡನೆಯ ತಟ್ಟೆ

ತುಂಗಭದ್ರೆಯ ದಡದ ಆಶ್ರಮವೊಂದರಲ್ಲಿ ಹಾಲಯ್ಯಜ್ಜ ಎಂಬ ಗುರುಗಳಿದ್ದರು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೇ ಅವರ ತಲೆ ಹಣ್ಣಾಗಿತ್ತು. ಅವರ ಬಳಿ ಕಲಿಯುತ್ತಿದ್ದವನು ಪಂಪಾಪತಿ. ಬುದ್ಧಿ ಚುರುಕು, ಸಿಟ್ಟು ಅದಕ್ಕಿಂತ ಚುರುಕು.

ಕಾಲರಾ ರೋಗಾಣುವಿಗೆ ಮದ್ದು ಹುಡುಕುವುದು ಅವನ ಕೆಲಸ. ಆ ರೋಗಾಣುವಿನ ಮೈಯಲ್ಲಿ ಕಣ್ಣಿಗೆ ಕಾಣದ ಬಾಗಿಲುಗಳಿವೆ. ಸೋಡಿಯಂ ಅಯಾನುಗಳು ಅಲ್ಲಿಂದ ಒಳನುಗ್ಗುವ ರಭಸಕ್ಕೆ ಅದರ ಬಾಲ ತಿರುಗುತ್ತದೆ. ಬಾಲ ತಿರುಗಿದರೆ ಅದು ಈಜಿ ಹೋಗಿ ಕರುಳಿಗೆ ಅಂಟಿಕೊಳ್ಳುತ್ತದೆ. ಆ ಬಾಗಿಲು ಮುಚ್ಚುವ ಗಿಡದ ರಸವೊಂದು ಸಿಕ್ಕಿತೆಂದು ಪಂಪಾಪತಿ ಮೂರು ವರ್ಷದಿಂದ ಅದರ ಬೆನ್ನು ಬಿದ್ದಿದ್ದ.

ಆಶ್ರಮದಲ್ಲಿ ಇದ್ದದ್ದು ಒಂದೇ ಕಟ್ಟಳೆ. ರೋಗಾಣು ಬೆಳೆಸಿದ ತಟ್ಟೆಯನ್ನು ಗುರುಗಳಿಗೆ ತೋರಿಸದೆ ಕುಕ್ಕರಿನಲ್ಲಿ ಬೇಯಿಸಿ ನಾಶ ಮಾಡಬಾರದು. ಮಾಡಿದವನು ಗಂಟುಮೂಟೆ ಕಟ್ಟಬೇಕು.

ಒಂದು ಬೆಳಿಗ್ಗೆ ಅವನು ರಸ ಬೆರೆಸಿದ ಹನ್ನೆರಡು ತಟ್ಟೆಗಳನ್ನು ತೆರೆದು ನೋಡಿದ. ಎಲ್ಲದರಲ್ಲೂ ರೋಗಾಣು ಹುಲುಸಾಗಿ ಬೆಳೆದಿತ್ತು. ಅವನ ಸಿಟ್ಟು ನೆತ್ತಿಗೇರಿತು. ಹನ್ನೊಂದನ್ನು ಕುಕ್ಕರಿಗೆ ತುರುಕಿ ಒಲೆಗೇರಿಸಿದ. ಹನ್ನೆರಡನೆಯದಕ್ಕೆ ಅದರಲ್ಲಿ ಜಾಗ ಸಾಲಲಿಲ್ಲ.

ಸೀಟಿಯ ಸದ್ದಿಗೆ ಅಜ್ಜ ಬಂದರು.

"ಏನು ಕುದಿಸಾಕತ್ತೀಯೋ?"

"ನನ್ನ ಮೂರು ವರ್ಷ ರೀ ಅಜ್ಜಾರ. ಒಂದು ಹುಳಾನೂ ಸಾಯಲಿಲ್ಲ. ಈ ರಸಾನೂ ಹೊಳಿಗೆ ಚೆಲ್ಲಿ ಬರ್ತೀನಿ."

"ಚೆಲ್ಲುವಂತಿ. ಆದ್ರ ಹೊಳಿ ಆಚೀ ದಂಡಿಗೆ ಹೋಗಿ ಚೆಲ್ಲು."

ದಡದಲ್ಲಿ ಉದ್ದನೆಯ ಹಗ್ಗಕ್ಕೆ ಕಟ್ಟಿದ ಹರಿಗೋಲಿತ್ತು. ಪಂಪಾಪತಿ ಸೀಸೆ ಹಿಡಿದು ಅದರಲ್ಲಿ ಕುಳಿತ. ಅಜ್ಜ ಹುಟ್ಟನ್ನು ಎತ್ತಿಕೊಂಡು ಹರಿಗೋಲನ್ನು ಕಾಲಿಂದ ನೂಕಿದರು. ಅದು ಹಗ್ಗ ಬಿಟ್ಟಷ್ಟು ದೂರ ಹೋಗಿ ಗರಗರ ಸುತ್ತತೊಡಗಿತು. ಅಜ್ಜ ಬಂಡೆಯ ಮೇಲೆ ಕೂತು ಹುರಿದ ಶೇಂಗಾ ಸುಲಿಯತೊಡಗಿದರು.

"ಅಜ್ಜಾರ, ಹುಟ್ಟು ಕೊಡ್ರಿ!"

"ಯಾಕ, ಸತ್ತಿಯೇನು?"

"ಇಲ್ರಿ!"

"ಆರಾಮ ಅದಿ?"

"ಅದೀನ್ರಿ!"

"ಆ ದಂಡಿ ಮುಟ್ಟಿದೇನು?"

ಪಂಪಾಪತಿ ಅಜ್ಜನ ಪಕ್ಕದಲ್ಲಿದ್ದ ಹುಟ್ಟನ್ನು ನೋಡಿದ, ತನ್ನ ಕೈಯಲ್ಲಿದ್ದ ಸೀಸೆಯನ್ನು ನೋಡಿದ. ಹರಿಗೋಲು ಇನ್ನೂ ಎರಡು ಸುತ್ತು ಹೊಡೆಯಿತು. ಅವನು ಸೀಸೆಯನ್ನು ಎದೆಗೆ ಅವುಚಿಕೊಂಡು, ಇನ್ನೊಂದು ಕೈಯಿಂದ ಹಗ್ಗ ಜಗ್ಗುತ್ತ ದಡಕ್ಕೆ ಬಂದ. ಬಂದವನೇ ಒಳಗೆ ಓಡಿದ.

ರೋಗಾಣು ಈಜಲು ಆಗುವಂತೆ ತೆಳ್ಳನೆಯ ಅಗರ್ ಲೋಳೆ ಹುಯ್ದು ಎರಡು ತಟ್ಟೆ ಮಾಡಿದ. ಒಂದಕ್ಕೆ ರಸ ಬೆರೆಸಿ, ಹನ್ನೆರಡನೆಯ ತಟ್ಟೆಯ ರೋಗಾಣುವನ್ನು ಸೂಜಿಯಿಂದ ನಡುವೆ ಚುಚ್ಚಿದ. ಇನ್ನೊಂದಕ್ಕೆ ರಸ ಕಾಣದ ರೋಗಾಣುವನ್ನು ಚುಚ್ಚಿದ.

ಮರುದಿನ ನೋಡಿದರೆ, ರಸವಿಲ್ಲದ ತಟ್ಟೆಯಲ್ಲಿ ರೋಗಾಣು ಅಂಚಿನವರೆಗೂ ಹಬ್ಬಿತ್ತು. ರಸವಿದ್ದ ತಟ್ಟೆಯಲ್ಲಿ ಅದು ಚುಚ್ಚಿದ ಜಾಗದಲ್ಲೇ ಎಳ್ಳುಕಾಳಿನಷ್ಟು ಕೂತಿತ್ತು. ಜೀವಂತವಾಗಿತ್ತು, ಬೆಳೆದೂ ಇತ್ತು. ಎಲ್ಲಿಗೂ ಹೋಗಿರಲಿಲ್ಲ.

ಎರಡನ್ನೂ ಅಜ್ಜನ ಮುಂದಿಟ್ಟಾಗ ಪಂಪಾಪತಿಯ ಕಣ್ಣು ತುಂಬಿತ್ತು. ಕಟ್ಟಳೆ ಮುರಿದ ನೆನಪಿಗೆ ಖುಷಿಯಲ್ಲೂ ಮುಖ ಸಪ್ಪಗಿತ್ತು. ಬಗಲಲ್ಲಿ ಆಗಲೇ ಕಟ್ಟಿಟ್ಟ ಬಟ್ಟೆಗಂಟಿತ್ತು.

"ಹನ್ನೊಂದು ತಟ್ಟಿ ತಮಗ ತೋರಿಸದ ಬೇಯಿಸೀನ್ರಿ ಅಜ್ಜಾರ. ನನ್ನಂಥಾ ಸಿಟ್ಟಿನ ಮನುಷ್ಯಾನ್ನ ಇಟ್ಕೊಂಡು ಏನು ಮಾಡ್ತೀರಿ? ಹೊಂಡ್ತೀನಿ."

ಅಜ್ಜ ಎದ್ದು ಒಲೆಯ ಬಳಿ ಹೋದರು. ಕುಕ್ಕರಿನ ಮೇಲಿದ್ದ ಸೀಟಿಯನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡರು.

"ಗಂಟು ಬಿಚ್ಚು. ಸೀಟಿ ಇನ್ನ ನನ್ನ ಹತ್ರ ಇರತೈತಿ. ತಟ್ಟಿ ತೋರಿಸಿ ಇಸ್ಕೋ."