ಗಳಿಗೆ ಬಟ್ಟಲಿನ ತೂತು

"ಶುದ್ಧವಾದ ಮನಸ್ಸಿನಿಂದ ಅನ್ಯಾಯ ಆಗುವುದುಂಟೆ, ಬುದ್ಧಿ?" ಎಂದು ಗುರುಪಾದಯ್ಯ ಕೇಳಿದ.

ಗುರುಗಳು ಜಗಲಿಯ ಮೇಲೆ ಕೂತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆಯೇ, "ಯಾರ ಮನಸ್ಸು?" ಎಂದರು.

"ನನ್ನದೇ."

ಗುರುಪಾದಯ್ಯ ಮಠದ ದಾಸೋಹದ ಉಸ್ತುವಾರಿ ವಹಿಸಿಕೊಂಡು ಒಂಬತ್ತು ವರ್ಷವಾಗಿತ್ತು. ಎಲ್ಲರಿಗಿಂತ ಮೊದಲು ಏಳುವವನು ಅವನು, ಎಲ್ಲರ ಊಟ ಮುಗಿದ ಮೇಲೆ ಉಣ್ಣುವವನೂ ಅವನೇ. ಪ್ರತಿ ಸಂಜೆ ಕಣ್ಣು ಮುಚ್ಚಿ ಕೂತು ಆ ದಿನದ ತನ್ನ ತಪ್ಪುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯುತ್ತಿದ್ದ. ಅವನ ಮೇಲೆ ಬೆರಳು ತೋರಿಸಿದವರು ಯಾರೂ ಇರಲಿಲ್ಲ.

ಆ ದಿನ ಬೆಳಿಗ್ಗೆ ಅವನು ಅಡುಗೆಯ ಪುಟ್ಟಗೌರಮ್ಮನಿಗೆ, ನಾಳೆಯಿಂದ ಕೆಲಸಕ್ಕೆ ಬರಬೇಡಿ ಎಂದು ಹೇಳಿದ್ದ. ಹನ್ನೊಂದು ವರ್ಷ ಆ ಒಲೆಯ ಮುಂದೆ ಬೆಂದ ಹೆಂಗಸು. ಇರುವುದೂ ಮಠದ ಹಿಂದಿನ ಕೋಣೆಯಲ್ಲೇ. ಆ ತಿಂಗಳಲ್ಲಿ ಎರಡು ದಿನ ಒಲೆ ಹಚ್ಚುವುದು ತಡವಾಗಿತ್ತು. ಅವಳು ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. "ಅನ್ಯಾಯ ಮಾಡ್ತಿದ್ದೀರಿ, ಸ್ವಾಮಿ" ಎಂದಷ್ಟೇ ಹೇಳಿ, ಗಂಟು ಕಟ್ಟಿಕೊಂಡು ಮಠದ ಹೆಬ್ಬಾಗಿಲಲ್ಲಿ ಹೋಗಿ ಕೂತಿದ್ದಳು. ತಂಗಿಯ ಊರಿನ ಕಡೆ ಹೋಗುವ ಗಾಡಿ ಮಧ್ಯಾಹ್ನಕ್ಕೆ ಬರುತ್ತಿತ್ತು.

ಆ ಒಂದು ಮಾತು ಗುರುಪಾದಯ್ಯನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು. "ಎಲ್ಲರಿಗೂ ಒಂದೇ ಅಳತೆ ಇಟ್ಟಿದ್ದೇನೆ, ಬುದ್ಧಿ. ಆ ಅಳತೆಯನ್ನು ದಿನವೂ ತಿಕ್ಕಿ ಶುಚಿ ಮಾಡಿಕೊಳ್ಳುತ್ತೇನೆ. ಅದರಲ್ಲಿ ನನ್ನ ಸ್ವಾರ್ಥ ಎಳ್ಳಷ್ಟೂ ಇಲ್ಲ. ಹಾಗಿರುವಾಗ ಅನ್ಯಾಯ ಎಲ್ಲಿಂದ ಬಂತು?"

"ಯಾಕೆ ತಡವಾಯಿತಂತೆ?" ಎಂದು ಗುರುಗಳು ಕೇಳಿದರು.

"ಕೇಳಲಿಲ್ಲ. ತಡ ಎಂದರೆ ತಡ."

ಗುರುಗಳು ಹತ್ತಿಯ ಎಳೆಯನ್ನು ತೊಡೆಯ ಮೇಲಿಟ್ಟು ಹೊಸೆದರು. "ಕೂತುಕೋ. ನಿನಗೊಬ್ಬ ನೀರಗಂಟಿಯ ಕತೆ ಹೇಳುತ್ತೇನೆ" ಎಂದರು.

ಒಂದು ಕೆರೆಯ ಕೆಳಗೆ ಎರಡು ಊರುಗಳಿದ್ದವು. ಕೆರೆಗೆ ಹತ್ತಿರದ್ದು ಮೇಲಿನೂರು, ಕಾಲುವೆಯ ಕೊನೆಯದ್ದು ಕೆಳಗಿನೂರು. ಎರಡಕ್ಕೂ ನೀರು ಹಂಚುವ ಕೆಲಸ ಒಬ್ಬ ನೀರಗಂಟಿಯದು. ಅವನ ಅಜ್ಜನೂ ಅದನ್ನೇ ಮಾಡಿದ್ದ, ಅಪ್ಪನೂ ಅದನ್ನೇ ಮಾಡಿದ್ದ.

ಹಂಚಿಕೆಯ ಕಟ್ಟಳೆ ಸರಳವಾಗಿತ್ತು. ಸೂರ್ಯ ಹುಟ್ಟಿದಾಗ ನೀರು ಕೆಳಗಿನೂರಿಗೆ ತಿರುಗಬೇಕು. ಹನ್ನೆರಡು ಗಳಿಗೆ ಹರಿಯಬೇಕು. ಆಮೇಲೆ ಮರುದಿನದ ಸೂರ್ಯ ಹುಟ್ಟುವ ತನಕ ಮೇಲಿನೂರಿನದು. ಮೇಲಿನೂರಿಗೆ ಗದ್ದೆ ಹೆಚ್ಚು, ಹಾಗಾಗಿ ಹೊತ್ತೂ ಹೆಚ್ಚು. ಇದಕ್ಕೆ ಎರಡೂ ಊರಿನವರು ಒಪ್ಪಿದ್ದರು.

ಗಳಿಗೆ ಅಳೆಯಲು ನೀರಗಂಟಿಯ ಹತ್ತಿರ ಒಂದು ತಾಮ್ರದ ಬಟ್ಟಲಿತ್ತು. ಅದರ ತಳದಲ್ಲಿ ಒಂದು ಸಣ್ಣ ತೂತು. ನೀರು ತುಂಬಿದ ಹಂಡೆಯಲ್ಲಿ ಬಟ್ಟಲನ್ನು ತೇಲಿಬಿಟ್ಟರೆ, ತೂತಿನಿಂದ ನೀರು ಏರಿ ಏರಿ, ಬಟ್ಟಲು ತುಂಬಿ ಟಣ್ ಎಂದು ಹಂಡೆಯ ತಳ ಮುಟ್ಟುತ್ತಿತ್ತು. ಅಲ್ಲಿಗೆ ಒಂದು ಗಳಿಗೆ. ಅಂಥ ಅರವತ್ತು ಗಳಿಗೆಗೆ ಒಂದು ದಿನ. ಬಟ್ಟಲು ಮುಳುಗಿದಾಗಲೆಲ್ಲ ಅವನು ಒಂದು ಹುಣಸೆ ಬೀಜ ಎತ್ತಿಡುತ್ತಿದ್ದ. ಹನ್ನೆರಡು ಬೀಜವಾದರೆ ಎದ್ದು ಹೋಗಿ ನೀರು ತಿರುಗಿಸುತ್ತಿದ್ದ.

ಆ ಬಟ್ಟಲೆಂದರೆ ಅವನಿಗೆ ಪ್ರಾಣ. ಮನೆಯ ದೇವರನ್ನು ತೊಳೆಯುವುದು ವಾರಕ್ಕೊಮ್ಮೆಯಾದರೆ ಬಟ್ಟಲನ್ನು ತೊಳೆಯುವುದು ದಿನವೂ. ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಹೊಳೆಯುವಂತೆ ತಿಕ್ಕುತ್ತಿದ್ದ. ಆಮೇಲೆ ತೂತಿನಲ್ಲಿ ಕಸ ನಿಂತಿರಬಾರದೆಂದು, ಗೋಣಿ ಹೊಲಿಯುವ ದಬ್ಬಳ ತೂರಿಸಿ ನಾಲ್ಕು ಸಲ ತಿರುಗಿಸುತ್ತಿದ್ದ. ಕಸ ನಿಂತರೆ ಗಳಿಗೆ ಉದ್ದವಾಗುತ್ತದೆ, ಯಾರಿಗೋ ಮೋಸವಾಗುತ್ತದೆ ಎಂಬ ಭಯ ಅವನಿಗೆ. ಇಪ್ಪತ್ತೆರಡು ವರ್ಷ ಒಂದು ದಿನವೂ ಅವನು ಇದನ್ನು ತಪ್ಪಿಸಲಿಲ್ಲ. ಜ್ವರ ಬಂದ ದಿನ ಕೂಡ ಕಂಬಳಿ ಹೊದ್ದು ಬಂದು ತಿಕ್ಕಿದ.

ಇಷ್ಟೆಲ್ಲ ಇದ್ದೂ, ಒಂದು ಬೇಸಿಗೆ ಕೆಳಗಿನೂರಿನಲ್ಲಿ ಭತ್ತ ಒಣಗತೊಡಗಿತು. ಕಾಲುವೆಯ ಕಟ್ಟಕಡೆಗೆ ಒಬ್ಬ ಒಕ್ಕಲು ಹೆಂಗಸಿನ ಎರಡು ಮಡಿ ಗದ್ದೆಯಿತ್ತು. ತೆನೆ ಹೊರಬಿದ್ದು ಕಾಳು ಹಾಲು ಕಟ್ಟುವ ಹೊತ್ತು. ಈಗ ನೀರು ಸಿಕ್ಕಿದರೆ ಕಾಳು, ಇಲ್ಲದಿದ್ದರೆ ಬರೀ ಹೊಟ್ಟು. ವರ್ಷದ ಅನ್ನವೆಲ್ಲ ಆ ಎರಡು ಮಡಿಯಲ್ಲೇ ನಿಂತಿತ್ತು.

ಅವಳು ಒಂದು ದಿನ ಕೆರೆಯ ಏರಿ ಹತ್ತಿ ನೀರಗಂಟಿಯ ಹತ್ತಿರ ಬಂದಳು.

"ಅಣ್ಣಾ, ನೀರು ಕಡಿಮೆಯಾಗ್ತಿದೆ" ಎಂದಳು.

"ಹನ್ನೆರಡು ಬಟ್ಟಲಿಗೆ ಒಂದು ಹನಿ ಕಡಿಮೆ ಬಿಟ್ಟಿಲ್ಲ, ತಾಯಿ."

"ಬಟ್ಟಲ ಲೆಕ್ಕ ನನಗೆ ಗೊತ್ತಿಲ್ಲ. ನಾನು ಮದುವೆಯಾಗಿ ಬಂದಾಗ, ಕಾಲುವೇಲಿ ನೀರು ಬಂತು ಅಂದ ಕೂಡಲೇ ಬೀಸೋಕೆ ಕೂರ್ತಿದ್ದೆ. ಆರು ಸೇರು ರಾಗಿ ಬೀಸಿ ಏಳೋ ಹೊತ್ತಿಗೆ ಸರಿಯಾಗಿ ನೀರು ನಿಲ್ತಿತ್ತು. ಈಗ ಐದು ಸೇರು ಮುಗಿಯೋ ಹೊತ್ತಿಗೇ ನಿಲ್ತದೆ."

ಏರಿಯ ಮೇಲೆ ಕೂತಿದ್ದ ಮೇಲಿನೂರಿನವರು ನಕ್ಕರು. ಮದುವೆಯಾಗಿ ಬಂದಾಗಿನ ತೋಳು ಈಗೆಲ್ಲಿದೆ, ನಿನಗೆ ವಯಸ್ಸಾಯಿತು, ಬೀಸುವುದು ನಿಧಾನವಾಯಿತು ಎಂದು ಒಬ್ಬ ಛೇಡಿಸಿದ. ನೀರಗಂಟಿ ನಗಲಿಲ್ಲ. ಆದರೆ ಅವನಿಗೂ ಅದೇ ಸರಿ ಎನಿಸಿತು. "ತೋಳು ಸೋಲುತ್ತದೆ, ತಾಯಿ. ತಾಮ್ರ ಸೋಲುವುದಿಲ್ಲ" ಎಂದ.

"ನನ್ನ ತೋಳನ್ನ ನೀವು ತಾಮ್ರದಿಂದ ಅಳೆದಿರಿ. ತಾಮ್ರವನ್ನ ಯಾವುದರಿಂದ ಅಳೆದಿದ್ದೀರಿ?" ಎಂದು ಅವಳು ಕೇಳಿದಳು.

ನೀರಗಂಟಿಗೆ ಮೈ ಉರಿಯಿತು. ಅಪ್ಪನ ಕೈಯಿಂದ ಬಂದ ಬಟ್ಟಲು. ಅದನ್ನು ಅಳೆಯುವುದೆಂದರೆ ಸತ್ತ ಅಪ್ಪನ ಮೇಲೆ ಅನುಮಾನ ಪಟ್ಟ ಹಾಗೆ. ಅಷ್ಟರಲ್ಲಿ ಕೆಳಗಿನೂರಿನ ಗಂಡಸರು ಬೇರೆ ಮಾತು ಶುರು ಮಾಡಿದ್ದರು. ನೀರಗಂಟಿ ಮೇಲಿನೂರಿನವರ ಉಪ್ಪು ತಿಂದಿದ್ದಾನೆ, ಅವನನ್ನು ಓಡಿಸಿ ತೂಬು ನಾವೇ ಎತ್ತೋಣ ಎನ್ನುತ್ತಿದ್ದರು. ಆ ಮಾತು ಅವನ ಕಿವಿಗೂ ಬಿತ್ತು.

ಮರುದಿನ ಎರಡೂ ಊರಿನವರನ್ನು ಏರಿಯ ಮೇಲೆ ಸೇರಿಸಿ ಹೇಳಿದ: "ಇನ್ನು ನಾಲ್ಕು ದಿನಕ್ಕೆ ಹಗಲೂ ಇರುಳೂ ಸಮನಾಗುತ್ತವೆ. ಆ ದಿನ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಮೂವತ್ತು ಗಳಿಗೆ. ಇದು ನಾನು ಮಾಡಿದ್ದಲ್ಲ, ನೀವು ಮಾಡಿದ್ದಲ್ಲ. ಅಂದು ಎಲ್ಲರ ಎದುರಿಗೆ ಬಟ್ಟಲು ತೇಲಿಬಿಡುತ್ತೇನೆ. ಮೂವತ್ತು ಬಂದರೆ ಇನ್ನು ಯಾರೂ ತುಟಿ ಪಿಟಕ್ಕೆನ್ನಬಾರದು. ಬರದಿದ್ದರೆ ಬಟ್ಟಲನ್ನು ಕೆರೆಗೆ ಎಸೆದು ಊರು ಬಿಡುತ್ತೇನೆ."

ಗುರುಗಳು ಹೊಸ ಬತ್ತಿ ಕೈಗೆತ್ತಿಕೊಂಡರು. ಗುರುಪಾದಯ್ಯನಿಗೆ ತಡೆಯಲಾಗಲಿಲ್ಲ. "ಮೂವತ್ತೇ ಬಂದಿರಬೇಕು. ಅಷ್ಟು ಶ್ರದ್ಧೆಯವನ ಅಳತೆ ತಪ್ಪಲು ಹೇಗೆ ಸಾಧ್ಯ?" ಎಂದ.

"ಅವನೂ ಹಾಗೆಯೇ ನಂಬಿದ್ದ" ಎಂದರು ಗುರುಗಳು.

ಆ ದಿನ ಬಂತು. ನೀರಗಂಟಿ ಬಟ್ಟಲನ್ನು ಎಂದಿಗಿಂತ ಚೆನ್ನಾಗಿ ತಿಕ್ಕಿದ. ಏರಿಯ ಮೇಲೆ ತನ್ನ ಲೆಕ್ಕಕ್ಕೆಂದು ಒಂದು ಗೂಟ ನೆಟ್ಟ. ಅದರ ನೆರಳು ಎಲ್ಲಕ್ಕಿಂತ ಗಿಡ್ಡವಾದಾಗ ನಡುಹಗಲು. ಆ ಹೊತ್ತಿಗೆ ಹದಿನೈದು ಬೀಜ ಬಿದ್ದಿರಬೇಕು. ಸೂರ್ಯ ಕಣ್ಣು ಬಿಡುತ್ತಿದ್ದ ಹಾಗೆಯೇ ಬಟ್ಟಲು ತೇಲಿಬಿಟ್ಟ. ಎರಡೂ ಊರಿನವರು ಮೈಯೆಲ್ಲ ಕಣ್ಣಾಗಿ ಕೂತರು. ಆ ಹೆಂಗಸು ಬೀಸುವ ಕಲ್ಲನ್ನೇ ಹೊರಿಸಿಕೊಂಡು ಬಂದು ಏರಿಯ ಮೇಲೆ ರಾಗಿ ಬೀಸತೊಡಗಿದಳು.

ಹನ್ನೆರಡನೆಯ ಬೀಜ ಇಟ್ಟಾಗ ಅವಳು ಕಲ್ಲು ನಿಲ್ಲಿಸಿ, ಐದು ಸೇರು ಎಂದಳು. ಯಾರೂ ನಗಲಿಲ್ಲ. ಹದಿನೈದನೆಯ ಬೀಜ ಇಟ್ಟಾಗ ನೀರಗಂಟಿ ಗೂಟದ ಕಡೆ ನೋಡಿದ. ನೆರಳು ಇನ್ನೂ ಉದ್ದವಾಗಿತ್ತು. ಹದಿನಾರಾಯಿತು, ಹದಿನೇಳಾಯಿತು. ನೆರಳು ಎಲ್ಲಕ್ಕಿಂತ ಗಿಡ್ಡವಾಗಿ ನಿಂತಾಗ ಅವನ ಮುಂದೆ ಹದಿನೆಂಟು ಬೀಜಗಳಿದ್ದವು.

ಜನ ಸಂಜೆಯ ಲೆಕ್ಕಕ್ಕಾಗಿ ಕಾಯುತ್ತಿದ್ದರು. ನಡುಹಗಲಿನ ಲೆಕ್ಕ ಅವನೊಬ್ಬನಿಗೇ ಗೊತ್ತು. ಎರಡು ಕಾಳು ಮರಳು ತೂತಿಗೆ ಸಿಕ್ಕಿಸಿದ್ದರೆ ಬಟ್ಟಲು ನಿಧಾನವಾಗಿ, ಸಂಜೆಯ ಹೊತ್ತಿಗೆ ಮೂವತ್ತಕ್ಕೇ ತಂದು ನಿಲ್ಲಿಸಬಹುದಿತ್ತು. ಅಪ್ಪನ ಹೆಸರು ಉಳಿಯುತ್ತಿತ್ತು, ಕೆಲಸ ಉಳಿಯುತ್ತಿತ್ತು. ಆ ಯೋಚನೆ ಅವನ ತಲೆಗೆ ಬರಲಿಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ಬಂತು. ಕೈ ಮರಳಿನವರೆಗೆ ಹೋಯಿತು ಕೂಡ.

ಆದರೆ ಅಭ್ಯಾಸಬಲ ನೋಡು, ಕೈ ಮರಳು ಬಿಟ್ಟು ದಬ್ಬಳ ಎತ್ತಿಕೊಂಡಿತು. ದಬ್ಬಳ ತೂತಿನೊಳಗೆ ಸಲೀಸಾಗಿ ಜಾರಿತು. ಅವನಿಗೆ ಒಮ್ಮೆಲೇ ನೆನಪಾಯಿತು. ಅಪ್ಪ ಸತ್ತ ವರ್ಷ ಇದೇ ದಬ್ಬಳವನ್ನು ಒತ್ತಿ, ತಿರುಚಿ ತೂರಿಸಬೇಕಾಗಿತ್ತು. ಇಪ್ಪತ್ತೆರಡು ವರ್ಷ ದಿನಕ್ಕೆ ನಾಲ್ಕು ಸುತ್ತು. ಒಂದೊಂದು ಸುತ್ತಿಗೂ ಕಣ್ಣಿಗೆ ಕಾಣದಷ್ಟು ತಾಮ್ರ ಸವೆದು, ತೂತು ದೊಡ್ಡದಾಗಿ, ಬಟ್ಟಲು ಬೇಗ ಮುಳುಗತೊಡಗಿತ್ತು. ಕೆಳಗಿನೂರಿನ ಎರಡು ಗಳಿಗೆ ನೀರನ್ನು ತಿಂದದ್ದು ಅವನ ಸೋಮಾರಿತನವಲ್ಲ, ದುರಾಸೆಯೂ ಅಲ್ಲ, ಅವನ ಶ್ರದ್ಧೆ.

ಅವನು ಎದ್ದು ನಿಂತ. "ಸಂಜೆವರೆಗೆ ಕಾಯೋದು ಬೇಡ. ಹದಿನೈದು ಬೀಳಬೇಕಾದಲ್ಲಿ ಹದಿನೆಂಟು ಬಿದ್ದಿದೆ. ತಪ್ಪು ನನ್ನದು" ಎಂದ. ಬಟ್ಟಲನ್ನು ಎತ್ತಿ ಕೆರೆಯ ಕಡೆ ತಿರುಗಿದ.

ಆ ಹೆಂಗಸು ಅವನ ಕೈ ಹಿಡಿದಳು. "ಯಾಕಣ್ಣ ಎಸೀತೀರಿ? ನಿನ್ನೆವರೆಗೆ ಅದು ಎಷ್ಟು ತಪ್ತಿತ್ತು ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಇವತ್ತು ಗೊತ್ತಾಯ್ತು. ಇವತ್ತಿನಿಂದ ಅದಕ್ಕೆ ಬೆಲೆ ಜಾಸ್ತಿ."

ಅಂದು ಅವಳನ್ನು ಛೇಡಿಸಿದ್ದ ಮೇಲಿನೂರಿನವನೇ ಎದ್ದು ಹೋಗಿ ಕಂಚುಗಾರನನ್ನು ಕರೆದುಕೊಂಡು ಬಂದ. ಕಂಚುಗಾರ ತೂತಿನ ಸುತ್ತ ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಒಂದು ಏಟು ಬಡಿಯುವುದು, ತೇಲಿಬಿಟ್ಟು ನೋಡುವುದು. ಮೂರು ದಿನ ಇದೇ ಕೆಲಸ. ಮೂರನೆಯ ದಿನ ನೆರಳು ಗಿಡ್ಡವಾದಾಗ ಸರಿಯಾಗಿ ಹದಿನೈದನೆಯ ಬಟ್ಟಲು ಟಣ್ ಎಂದಿತು. ನೀರಗಂಟಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಆ ಬೇಸಿಗೆ ಮುಗಿಯುವವರೆಗೆ ಕೆಳಗಿನೂರಿಗೆ ಹದಿನಾಲ್ಕು ಗಳಿಗೆ ಬಿಡಬೇಕೆಂದು ಅವನು ಮೇಲಿನೂರಿನವರನ್ನು ಕೇಳಿಕೊಂಡ. ಅವರು ಮೊದಲು ಗೊಣಗಿದರು, ಆಮೇಲೆ ಒಪ್ಪಿದರು. ಆ ಎರಡು ಮಡಿಯಲ್ಲಿ ಕಾಳು ಕಟ್ಟಿತು. ತುಂಬು ಬೆಳೆಯಲ್ಲ, ಆದರೆ ವರ್ಷ ಕಳೆಯುವಷ್ಟು ಬಂತು. ಅಂದಿನಿಂದ ನೀರಗಂಟಿ ತೂತನ್ನು ಪೊರಕೆ ಕಡ್ಡಿಯಿಂದ ಶುಚಿ ಮಾಡುತ್ತಿದ್ದ. ದಬ್ಬಳವನ್ನು ಸೂರಿಗೆ ಸಿಕ್ಕಿಸಿಟ್ಟ. ವರ್ಷ ವರ್ಷವೂ ಹಗಲಿರುಳು ಸಮನಾಗುವ ದಿನ ಎರಡೂ ಊರಿನವರು ಏರಿಯ ಮೇಲೆ ಸೇರಿ ಬಟ್ಟಲನ್ನು ಸೂರ್ಯನ ಜೊತೆ ಹೋಲಿಸಿ ನೋಡುವುದು ರೂಢಿಯಾಯಿತು. ಬೀಸುವ ಕಲ್ಲು ಹೊತ್ತುಕೊಂಡು ಬರುವ ಕೆಲಸವನ್ನು ಮೇಲಿನೂರಿನವರೇ ಕೇಳಿ ಪಡೆದುಕೊಂಡರು.

ಗುರುಗಳು ಕತೆ ನಿಲ್ಲಿಸಿದರು.

ಗುರುಪಾದಯ್ಯನ ಕಣ್ಣ ಮುಂದೆ ದಾಸೋಹದ ಮೊದಲ ವರ್ಷ ಬಂದು ನಿಂತಿತ್ತು. ಆಗ ಯಾರಾದರೂ ತಡವಾಗಿ ಬಂದರೆ, ಏನಾಯಿತು, ಮೈಯಲ್ಲಿ ಹುಷಾರಿಲ್ಲವೆ ಎಂದು ಕೇಳಿ, ಮೊದಲು ಗಂಜಿ ಕುಡಿಸಿ ಆಮೇಲೆ ಕೆಲಸಕ್ಕೆ ಕಳಿಸುತ್ತಿದ್ದ. ನಾಲ್ಕೈದು ವರ್ಷ ಕಳೆದ ಮೇಲೆ ಗಂಜಿ ನಿಂತಿತು, ಪ್ರಶ್ನೆ ಉಳಿಯಿತು. ಈಗ ಪ್ರಶ್ನೆಯೂ ಇಲ್ಲ. ಯಾವ ದಿನ ನಿಂತಿತೆಂದು ಹೇಳಲು ಅವನಿಗೆ ಆಗಲಿಲ್ಲ. ಒಂದೊಂದು ಸಂಜೆಯೂ ತಾನು ಇನ್ನಷ್ಟು ಶುದ್ಧನಾದೆ ಎಂದೇ ಎದ್ದಿದ್ದ. ಅವನಿಗೆ ನಾಚಿಕೆಯಾಯಿತು. ಜೊತೆಗೆ, ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಏನೋ ಒಂದು ಸಡಿಲಾದ ಹಾಗೂ ಆಯಿತು.

"ನೀರಗಂಟಿಗೆ ಸೂರ್ಯನಿದ್ದ, ಬುದ್ಧಿ. ನಾನು ಈ ಮನಸ್ಸನ್ನು ಯಾವ ಸೂರ್ಯನ ಎದುರಿಗಿಟ್ಟು ನೋಡಿಕೊಳ್ಳಲಿ?" ಎಂದು ಕೇಳಿದ.

ಗುರುಗಳು ಹೊಸೆದ ಬತ್ತಿಗಳನ್ನು ಒಟ್ಟು ಮಾಡಿ ತಟ್ಟೆಯಲ್ಲಿಟ್ಟರು. ದೂರದ ದಾರಿಯಲ್ಲಿ ಗಾಡಿಯ ಗೆಜ್ಜೆ ಕೇಳಿಸುತ್ತಿತ್ತು.

"ಸೂರ್ಯನ ಮಾತು ಆಮೇಲೆ, ಮಗು, ರಾಗಿ ಬೀಸಿದವಳು ಇನ್ನೂ ಹೆಬ್ಬಾಗಿಲಲ್ಲೇ ಕೂತಿದ್ದಾಳೆ."